ಊರಿನ ಹೆಸರಿನ ಸಾಲ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಬಿಡಲಿಲ್ಲ. ಹಾಲು ಕಾಯಿಸಿ ಅತ್ತೆಗೆ ಮಾತ್ರೆ ಕೊಟ್ಟೆ. ಎದುರುಮನೆಯ ಮೆಂಬರಮ್ಮ ರಾತ್ರಿ ತೀರಿಕೊಂಡಿದ್ದರು. ಅವರ ತಂಗಿ ಗುಬ್ಬಿಯಲ್ಲಿ. ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆಮೇಲೆ ಎದುರುಮನೆಗೆ ಹೋಗಿ ಮೆಂಬರಮ್ಮನಿಗೆ ಕೊನೆಯ ಸೀರೆ ಉಡಿಸಿದೆ. ಅವರ ಹಿಮ್ಮಡಿ ಎರಡೂ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದವು.

ಪುರಸಭೆಗೆ ಒಂದೇ ಸಲ ಗೆದ್ದಿದ್ದರೂ ನಾವೆಲ್ಲ ಕೊನೆವರೆಗೂ ಅವರನ್ನು ಮೆಂಬರಮ್ಮ ಎಂದೇ ಕರೆಯುತ್ತಿದ್ದೆವು. ಪುರಸಭೆ ಸಾಲ ಮಾಡಿ ಕುಡಿಯುವ ನೀರಿನ ಪೈಪು ಹಾಕಿಸಲು ಹೊರಟಾಗ, ನೀರಿನ ಬಿಲ್ ಜಾಸ್ತಿಯಾಗುತ್ತದೆ ಎಂದು ಮನೆ ಮನೆಗೆ ಬಂದು ಮೊದಲೇ ಹೇಳಿದ್ದರು.

"ಏನ್ ಮೆಂಬರಮ್ಮ, ಓಟ್ ಹಾಕಿದ್ದಕ್ಕೆ ಬಿಲ್ಲಾ?" ಎಂದು ಮೂಲೆಮನೆಯವರು ರೇಗಿಸಿದರು.

"ಹೂಂ ಕಣಪ್ಪ. ನೀವ್ ಕಟ್ದೆ ಹೋದ್ರೆ ಸಾಲದ ಕಂತಿಗೆ ಕಸ ಗುಡ್ಸೋರ ಸಂಬಳಕ್ಕೇ ಕೈ ಹಾಕ್ಬೇಕು. ಆಮೇಲೆ ಆ ತೂತು ಮುಚ್ಚೋಕೆ ಇನ್ನೊಂದ್ ಸಾಲ."

ನೀರು ಬಂತು. ಮುಂದಿನ ಚುನಾವಣೆಯೂ ಬಂತು. ಎದುರು ನಿಂತಾತ ಬಿಲ್ ಮನ್ನಾ ಮಾಡಿಸುತ್ತೇನೆ, ಸಾಲ ತಂದು ಬೀದಿಗೆಲ್ಲ ಬಣ್ಣದ ದೀಪ ಹಾಕಿಸುತ್ತೇನೆ ಎಂದ. ನಮ್ಮ ಯಜಮಾನರೇ ಹೋಗಿ, "ನೀವೂ ಮನ್ನಾ ಅಂದ್ಬಿಡಿ ಅಕ್ಕ, ಗೆದ್ಮೇಲೆ ನೋಡ್ಕೊಳ್ಳಣ" ಎಂದರು.

"ಸಾಲ ನನ್ ಹೆಸ್ರಲ್ಲಿದ್ರೆ ಅಂದ್ಬಿಡ್ತಿದ್ದೆ ಕಣಪ್ಪ. ಊರಿನ್ ಹೆಸ್ರಲ್ಲೈತಲ್ಲ. ಇನ್ನೂ ಹುಟ್ದೇ ಇರೋ ಮಕ್ಳೂ ಕಟ್ಬೇಕು."

ಸೋತರು. ಪಟಾಕಿಯನ್ನು ಅವರ ಬಾಗಿಲ ಮುಂದೆಯೇ ಹೊಡೆದರು.

ಜನ ಬಿಲ್ ಕಟ್ಟುವುದು ನಿಲ್ಲಿಸಿದರು. ಕಂತು ನಿಲ್ಲಲಿಲ್ಲ. ಪೌರಕಾರ್ಮಿಕರಿಗೆ ಸಂಬಳ ತಡವಾಯಿತು, ಚರಂಡಿ ಕಟ್ಟಿಕೊಂಡು ನಾರಿತು. ಒಂದು ಸಂಜೆ ಗೆದ್ದಾತನೇ ಮೆಂಬರಮ್ಮನ ಜಗುಲಿಗೆ ಬಂದು ಕೂತ.

"ಮನ್ನಾ ಆಗಲ್ವಂತೆ ಅಕ್ಕ. ದೀಪಕ್ಕೆ ಸಾಲ ಕೇಳಿದ್ರೆ, ಹಳೇದನ್ನ ಮೊದ್ಲು ನೋಡಿ ಅಂತಾರೆ."

ಅವನಿಗೆ ಕಾಫಿ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡರು. "ಸೋತಿದ್ದು ನಾನು. ಪೈಪ್ ಯಾಕ್ ಸೋಲ್ಬೇಕು? ನಡಿ."

ಅಂದಿನಿಂದ ಪ್ರತಿ ತಿಂಗಳೂ ಇಬ್ಬರೂ ಜೊತೆಯಾಗಿ ಮನೆ ಮನೆ ಹತ್ತಿ ಬಿಲ್ ಕಟ್ಟಿ ಎಂದು ಕೇಳಿದರು. ಕೇಳಲು ಹೋದ ಮನೆಯಲ್ಲಿ ಮೆಂಬರಮ್ಮ ತೊಟ್ಟು ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ತುಮಕೂರಿನ ಆಸ್ಪತ್ರೆ ಸೇರುವವರೆಗೂ ಆ ತಿರುಗಾಟ ತಪ್ಪಲಿಲ್ಲ.

ಇವತ್ತು ಕುಣಿಗಲ್ ರಸ್ತೆಯ ತೋಟದಲ್ಲಿ ಮಣ್ಣು ಮಾಡಿ ಬರುವಾಗ ಆತ ನಮ್ಮ ಪಕ್ಕದಲ್ಲೇ ನಡೆಯುತ್ತಿದ್ದ. "ಕಂತು ಇನ್ನೂ ಐತೆ. ನಾನೊಬ್ನೇ ಹೋದ್ರೆ ಯಾರ್ ಕೇಳ್ತಾರಕ್ಕ?" ಎಂದ.

"ನಾ ಬರ್ತೀನಿ" ಎಂದೆ.

ಎದುರುಮನೆಯಲ್ಲಿ ಇವತ್ತು ಒಲೆ ಹಚ್ಚುವಂತಿಲ್ಲ. ಅನ್ನ, ತಿಳಿಸಾರು ನಾನೇ ಒಯ್ದೆ. ಮೆಂಬರಮ್ಮನ ಗಂಡ ಎರಡು ತುತ್ತು ತಿಂದರು. ಗೋಡೆಗೆ ಒರಗಿದವರು, ಹಾಗೆಯೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.