ಹೊಸ ಕಾರು ಬರುವ ತನಕ

ಎಪ್ಪತ್ತರ ದಶಕದಲ್ಲಿ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಅಪ್ಪ ಹುಬ್ಬಳ್ಳಿಯ ಏಜೆಂಟರ ಹತ್ತಿರ ಹೊಸ ಮಾಡೆಲ್ಲಿನ ಕಾರಿಗೆ ಹೆಸರು ಬರೆಸಿದಾಗ ನಾನು ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದೆ. ಓದು ಮುಗಿಸಿ ಕಲಘಟಗಿಗೆ ಮರಳಿ ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸತೊಡಗಿದ ಮೇಲೂ ಕಾರು ಬಂದಿರಲಿಲ್ಲ. ಅಕ್ಕ ಮದುವೆಯಾಗಿ ಬೆಳಗಾವಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅವ್ವ, ಅವರು ತಂಗೀ ಎಂದು ಕರೆಯುತ್ತಿದ್ದ ಕಿರಿಮಗಳಾದ ನಾನು, ಮೂವರೇ.

ಅಷ್ಟರಲ್ಲಿ ನಮ್ಮ ಹಳೆಯ ಜೀಪು ಕೈಕೊಟ್ಟಿತು. ತಂಬೂರಿನಲ್ಲಿ ನಮಗೆ ಭತ್ತದ ಗದ್ದೆ, ಕಬ್ಬಿನ ತೋಟ ಇದ್ದವು. ಅಪ್ಪ ದಿನಾ ಅಲ್ಲಿಗೆ ಹೋಗಿ ಬರಬೇಕಿತ್ತು. ಹೊಸದು ಬರುವವರೆಗೆ ಒಂದು ಹಳೆಯ ಕಾರನ್ನು ತೆಗೆದುಕೊಳ್ಳುವುದೆಂದು ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ತೀರ್ಮಾನವಾಯಿತು. ಅವ್ವ ಕೇಳಿದ್ದು ಇಷ್ಟೇ: ಅಕ್ಕನ ಮಕ್ಕಳು ಬಂದರೆ ಎಲ್ಲರೂ ಕೂರುವಂತಿರಬೇಕು, ಹಿಂದೆ ಒಂದು ಅಕ್ಕಿ ಚೀಲ ಹಿಡಿಯಬೇಕು.

ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ದಲಾಲಿ ಮೊದಲು ಒಬ್ಬ ಹತ್ತಿ ವ್ಯಾಪಾರಿಯ ಮನೆಗೆ ಕರೆದೊಯ್ದ. ಬಿಳಿಯ ದೊಡ್ಡ ಕಾರು, ಅಗಲವಾದ ಸೀಟು, ಕಿಟಕಿಗೆ ಪರದೆ. ಅವ್ವ ಕೇಳಿದ್ದೆಲ್ಲ ಅದರಲ್ಲಿತ್ತು. ಅಪ್ಪ ಅದನ್ನು ಒಂದು ಸುತ್ತು ಓಡಿಸಿ, ಒಳ್ಳೆಯದಿದೆ ಎಂದು ಹೇಳಿ, ಮತ್ತೇನಾದರೂ ಇದೆಯೇ ಎಂದು ದಲಾಲಿಯನ್ನು ಕೇಳಿದರು.

ಎರಡನೆಯದು ಒಂದು ಕಟ್ಟಿಗೆ ಅಡ್ಡೆಯ ಹಿಂದೆ ತಾಡಪತ್ರಿಯ ಕೆಳಗಿತ್ತು. ಗೋವೆಯಿಂದ ಬಂದದ್ದು. ಪೋರ್ತುಗೀಸರ ಕಾಲದಲ್ಲಿ ಯಾರೋ ಹೊರದೇಶದಿಂದ ಹಡಗಿನಲ್ಲಿ ತರಿಸಿದ್ದಂತೆ. ಕಡುಗೆಂಪು ಬಣ್ಣ, ಎರಡೇ ಬಾಗಿಲು, ನನ್ನ ಎದೆಗಿಂತ ಕೆಳಗಿನ ಎತ್ತರ. ಹಿಂದಿನ ಸೀಟು ಎಂಬುದು ಹೆಸರಿಗೆ ಮಾತ್ರ ಇತ್ತು. ಅಡ್ಡೆಯ ಮಾಲೀಕರು ಕಾರವಾರದ ಕಡೆಯವರು, ಭಾರೀ ಆಳು. ತಮಗೆ ಬೆನ್ನುನೋವು ಶುರುವಾದ ಮೇಲೆ ಇದರೊಳಗೆ ಇಳಿದರೆ ಎಬ್ಬಿಸಲು ಇಬ್ಬರು ಬೇಕು, ಅದಕ್ಕೇ ಕೊಡುತ್ತಿದ್ದೇನೆ ಎಂದು ನಗುತ್ತ ಹೇಳಿದರು. ಇಂಜಿನ್ ಚಾಲೂ ಮಾಡಿದಾಗ ಅಡ್ಡೆಯ ಆಳುಗಳು ಕೆಲಸ ಬಿಟ್ಟು ನೋಡಿದರು. ಅಪ್ಪನ ಮುಖ ನೋಡಿಯೇ ನನಗೆ ಗೊತ್ತಾಯಿತು, ಬಿಳಿಯ ಕಾರಿನ ಕಥೆ ಮುಗಿಯಿತು ಎಂದು.

ಕಲಘಟಗಿ ರಸ್ತೆಯಲ್ಲಿ ಅದನ್ನು ಓಡಿಸಿ ನೋಡಿದೆವು. ಊರು ದಾಟಿದ ಮೇಲೆ ಅಪ್ಪ ಕಾಲು ಒತ್ತಿದರು. ಮರಗಳು ಹಿಂದಕ್ಕೆ ಸುರಿದು ಹೋದವು. ನಮ್ಮ ಜೀಪು ಅಷ್ಟು ಜೋರಾಗಿ ಹೋಗಿದ್ದನ್ನು ನಾನು ಕಂಡೇ ಇರಲಿಲ್ಲ. ಎಡಕ್ಕಿದ್ದ ಬಂಡಿ ಜಾಡಿನಿಂದ ಒಂದು ಚಕ್ಕಡಿ ರಸ್ತೆಗೆ ಏರುತ್ತಿತ್ತು. ಅಪ್ಪ ವೇಗ ತಗ್ಗಿಸಲಿಲ್ಲ. ನಾನು ಚಕ್ಕಡಿ ಎಂದು ಕೂಗಿದ ಮೇಲೆ ಬ್ರೇಕು ಹಾಕಿದರು. ಕಾರು ಕಿರುಗುಟ್ಟಿ ಎತ್ತಿನ ಕೊಂಬಿನ ಹತ್ತಿರ ನಿಂತಿತು. ಬ್ರೇಕು ಚೆನ್ನಾಗಿದೆ ಎಂದು ಅಪ್ಪ ನಕ್ಕರು. ಕಾರಿನ ಗುಂಗಿನಲ್ಲಿ ಅವರ ಗಮನ ತಪ್ಪಿತು ಎಂದುಕೊಂಡು ನಾನೂ ನಕ್ಕೆ.

ಮನೆಯ ಮುಂದೆ ಕಾರು ನಿಂತಾಗ ಅವ್ವ ಕಟ್ಟೆಯಿಂದ ಇಳಿದು ಬಂದು, ಬಗ್ಗಿ ಒಳಗೆ ನೋಡಿದಳು.

"ಇದ್ರಾಗ ನಾ ಎಲ್ಲಿ ಕುಂದ್ರಲಿ?"

"ಹೊಸಾದು ಬರೂತನಕ ಅಷ್ಟ," ಎಂದರು ಅಪ್ಪ. "ಆಮ್ಯಾಲ ನೀ ಕಾಲು ಚಾಚ್ಕೊಂಡು ಕುಂದ್ರುವಂತಿ."

ಅವ್ವ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಜಗಳಕ್ಕೆ ನಿಲ್ಲುವ ಹೆಂಗಸು ಅಂದು ಏನೂ ಹೇಳದೆ ಒಳಗೆ ಹೋದಳು. ನನಗೆ ಅದು ವಿಚಿತ್ರವೆನಿಸಿತ್ತು.

ಕಬ್ಬಿನ ಗಾಡಿ ನಿಲ್ಲಿಸುವ ತಗಡಿನ ಶೆಡ್ಡಿನಲ್ಲಿ ಕಾರಿಗೆ ಜಾಗವಾಯಿತು. ಅಪ್ಪ ಬೆಳಿಗ್ಗೆ ತಂಬೂರಿಗೆ ಹೋಗುವಾಗ ಅದರ ಸದ್ದು ಸಂತೆ ಬಯಲಿನ ತನಕ ಕೇಳುತ್ತಿತ್ತು. ಭಾನುವಾರ ನನ್ನನ್ನು ಕೂರಿಸಿಕೊಂಡು ಯಲ್ಲಾಪುರದ ದಾರಿಯಲ್ಲೋ ಹುಬ್ಬಳ್ಳಿಯ ದಾರಿಯಲ್ಲೋ ಸುಮ್ಮನೆ ಹೋಗಿ ಬರುತ್ತಿದ್ದರು. ಕೆಲಸವಿಲ್ಲದೆ ಎಲ್ಲಿಗೂ ಹೊರಡದ ಮನುಷ್ಯ ಅವರು. ನೀನಿದ್ದರೆ ನನಗೆ ಓಡಿಸಲು ಹುರುಪು ಎನ್ನುತ್ತಿದ್ದರು. ನನಗೂ ಖುಷಿಯೇ ಇತ್ತು. ಇಪ್ಪತ್ತನಾಲ್ಕರ ವಯಸ್ಸು, ತಲೆ ಕೂದಲು ಹಾರುವಷ್ಟು ಗಾಳಿ, ಪಕ್ಕದಲ್ಲಿ ಅಪ್ಪ.

ಆದರೆ ಮನೆಯಲ್ಲಿ ಅಪ್ಪ ಬದಲಾಗುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಸಿಟ್ಟಾಗುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗುವುದನ್ನು ಬಿಟ್ಟರು. ಒಂದು ದಿನ ಶಾಲೆಯಲ್ಲಿ ಜೊತೆಯ ಶಿಕ್ಷಕಿಯೊಬ್ಬರು ತಡೆದು ತಡೆದು ಹೇಳಿದರು: ಪೇಟೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದಾರೆ, ಕೆಂಪು ಕಾರು ಬಂದ ಮೇಲೆ ಸಾವ್ಕಾರರಿಗೆ ಸೊಕ್ಕು ಬಂದಿದೆ, ಪಕ್ಕದಲ್ಲೇ ನಿಂತು ನಮಸ್ಕಾರ ಮಾಡಿದರೂ ನೋಡದೆ ಹೋಗುತ್ತಾರೆ ಎಂದು. ನನಗೆ ಬಹಳ ಕೆಟ್ಟದೆನಿಸಿತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ವಾದಿಸಲಿಲ್ಲ. ಇನ್ನು ಮೇಲೆ ನೋಡುತ್ತೇನೆ ಎಂದಷ್ಟೇ ಹೇಳಿ ಪಡಸಾಲೆಗೆ ಹೋಗಿ ಕೂತರು.

ಮರುವರ್ಷ ಶ್ರಾವಣ ಕಳೆದು ಮಳೆ ಸ್ವಲ್ಪ ಹೊಳವಾದಾಗ, ಒಂದು ಭಾನುವಾರ ಮುಂಜಾನೆ ದೇವಿಕೊಪ್ಪದ ಕಡೆ ಹೊರಟೆವು. ಅಡವಿಯ ನಡುವಿನ ರಸ್ತೆ ಖಾಲಿ ಇತ್ತು. ಅಪ್ಪ ಜೋರಾಗಿಯೇ ಹೋಗುತ್ತಿದ್ದರು. ಸಾಗುವಾನಿ ಮರಗಳು ಮುಗಿದು ಗದ್ದೆಗಳು ಶುರುವಾಗುವಲ್ಲಿ ಎಡಗಡೆಯ ಕಾಲುದಾರಿಯಿಂದ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ರಸ್ತೆಗೆ ಇಳಿಯುತ್ತಿದ್ದಳು. ನನಗೆ ಆಕೆ ದೂರದಿಂದಲೇ ಕಂಡಿದ್ದಳು. ಅಪ್ಪನಿಗೂ ಕಂಡಿರುತ್ತಾಳೆ ಎಂದುಕೊಂಡೆ. ಹತ್ತಿರ ಬಂದರೂ ಅವರ ಕಾಲು ಮೇಲೇಳಲಿಲ್ಲ. ನಾನು ಚೀರಿ ಸ್ಟೇರಿಂಗನ್ನು ಎರಡೂ ಕೈಯಿಂದ ಬಲಕ್ಕೆ ಎಳೆದೆ.

ಕಾರು ರಸ್ತೆ ಬಿಟ್ಟು ಗದ್ದೆಗೆ ಇಳಿದು ಕೆಸರಿನಲ್ಲಿ ಹೂತುಕೊಂಡಿತು. ನನ್ನ ಹಣೆ ಮುಂದಿನ ಗಾಜಿಗೆ ಬಡಿದಿತ್ತು. ಹಿಂದಿರುಗಿ ನೋಡಿದರೆ ರಸ್ತೆಯ ತುಂಬ ಕಟ್ಟಿಗೆ ಚೆಲ್ಲಿತ್ತು. ಆ ಹೆಣ್ಣುಮಗಳು ಬಿದ್ದವಳು ಎದ್ದು ಕೂತು ಮೊಳಕೈ ಹಿಡಿದುಕೊಂಡಿದ್ದಳು. ಕಾರಿನ ಮೂಲೆ ಹೊರೆಯಿಂದ ಕೆಳಗೆ ಜೋತಿದ್ದ ಉದ್ದನೆಯ ಕೊಂಬೆಗೆ ತಾಗಿ ಆಕೆಯನ್ನು ಕೆಡವಿತ್ತು.

ನಾನು ಓಡಿ ಹೋದೆ. ಅಪ್ಪನೂ ಕೆಸರು ತುಳಿದು ಮೇಲೆ ಬಂದರು. ಆಕೆ ಅವರ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದಳು. ಅಪ್ಪ ನೇರ ರಸ್ತೆಯನ್ನೇ ನೋಡುತ್ತ ನಿಂತು ಕೇಳಿದರು:

"ಏನಿತ್ತು ಅಲ್ಲಿ? ದನ ಏನು?"

ಅವರ ಗದ್ದ ಹಿಡಿದು ಮುಖವನ್ನು ಆಕೆಯ ಕಡೆ ತಿರುಗಿಸಿದೆ. ಅಪ್ಪ ಆಕೆಯನ್ನು ಕಂಡರು.

ಗದ್ದೆಯಲ್ಲಿದ್ದ ಜನ ಕೂಡಿದರು. ಆಕೆಯ ಗಂಡನೂ ಬಂದ. ಎತ್ತು ಕಟ್ಟಿ ಕಾರನ್ನು ಮೇಲಕ್ಕೆ ಎಳೆದರು. ಮೊಳಕೈ ಆಗಲೇ ಬಾತುಕೊಂಡಿತ್ತು. ಕಲಘಟಗಿಯ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ, ಕಾರಿನಲ್ಲಿ ಕೂರು ಎಂದು ಅಪ್ಪ ಬೇಡಿಕೊಂಡರು. ಆಕೆ ಕಾರನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಯಪ್ಪಾ. ಬಸ್ಸಿಗೆ ಬರ್ತೀನಿ."

ಕಾರನ್ನು ಅಲ್ಲೇ ಬಿಟ್ಟೆವು. ಬಸ್ಸು ಬರುವವರೆಗೆ ರಸ್ತೆ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕೂತೆವು. ಗಂಡ ಹೆಂಡತಿ ಒಂದು ಬದಿಗೆ, ನಾನು ಮತ್ತು ಅಪ್ಪ ಇನ್ನೊಂದು ಬದಿಗೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಹೋದ ವರ್ಷ ದಸರೆಗೆ ಮುಂಚೆ, ಸಕ್ಕರೆ ಕಾರ್ಖಾನೆ ನೋಡಿ ಬರುತ್ತೇನೆಂದು ಹೇಳಿ ಅಪ್ಪ ಮೀರಜಿಗೆ ಹೋಗಿದ್ದರು. ನಿಜವಾಗಿ ಹೋಗಿದ್ದು ಕಣ್ಣಿನ ಡಾಕ್ಟರರ ಹತ್ತಿರ. ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದಿದ್ದರಂತೆ. ಹಾಕಿಕೊಳ್ಳಲು ಔಷಧ ಕೊಟ್ಟಿದ್ದರು. ಈಗ ಎರಡೂ ಬದಿ ಕತ್ತಲೆಯಾಗಿ, ಕೊಳವೆಯೊಳಗಿಂದ ನೋಡಿದಂತೆ ಎದುರಿನದಷ್ಟೇ ಕಾಣುತ್ತದೆ ಎಂದರು.

"ಗೊತ್ತಿದ್ದೂ ಈ ಕಾರ್ ಯಾಕ ತಗೊಂಡ್ರಿ?"

ಅಪ್ಪ ಕೈಗೆ ಹತ್ತಿದ ಕೆಸರನ್ನು ಉಜ್ಜಿಕೊಳ್ಳುತ್ತ ಕೂತಿದ್ದರು.

"ಹೊಸಾದು ಬರೂದ್ರೊಳಗ ನನ್ನ ಕಣ್ಣು ಹೋಗಿರ್ತಾವ, ತಂಗೀ. ಅದು ನಿಮಗ. ನಾ ಹೊಡಿಯೂದು ಇದೊಂದ."

ಅವ್ವನಿಗೆ ಹೇಳಬೇಡ ಎಂದರು. ಅಷ್ಟರಲ್ಲಿ ಬಸ್ಸು ಬಂತು.

ದವಾಖಾನೆಯಲ್ಲಿ ಎಲುಬು ಸೀಳಿದೆ ಎಂದು ಹೇಳಿ ಪಟ್ಟಿ ಹಾಕಿದರು. ಅಷ್ಟು ನೋವಿನಲ್ಲೂ ಆಕೆ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ.

ಮನೆಗೆ ಬಂದವಳೇ ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಆಕೆ ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಗೊತ್ತೈತಿ," ಎಂದಳು. ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ಪಲ್ಯವನ್ನು ಅಪ್ಪ ಮುಟ್ಟದೆ ಎದ್ದು ಹೋಗುವುದನ್ನು ಆಕೆ ಒಂದು ವರ್ಷದಿಂದ ನೋಡಿದ್ದಳು. ಮೀರಜಿನಿಂದ ತಂದ ಔಷಧದ ಶೀಶೆ ಕೋಟಿನ ಜೇಬಿನಲ್ಲಿ ಸಿಕ್ಕಿತ್ತು.

"ಹೇಳಿದ್ರ ಮೂಲ್ಯಾಗ ಕುಂತುಬಿಡ್ತಾರ ಅಂತ ಸುಮ್ನಿದ್ದೆ," ಎಂದಳು. "ನೀ ಬಾಜೂಕ ಇರ್ತೀ ಅಂತ ಧೈರ್ಯ ಇತ್ತು."

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಇಬ್ಬರೂ ನನ್ನನ್ನು ಒಂದು ಮಾತೂ ಕೇಳದೆ ಆ ಸೀಟಿನಲ್ಲಿ ಕೂರಿಸಿದ್ದರು. ಅಪ್ಪನ ಹುರುಪಿಗಾಗಿ ಹೋಗುತ್ತಿದ್ದೇನೆಂದು ನಾನು ಅಂದುಕೊಂಡಿದ್ದರೆ, ಅವರಿಬ್ಬರ ಲೆಕ್ಕದಲ್ಲಿ ನಾನು ಕಾವಲಿಗಿದ್ದೆ. ಯಾವುದಕ್ಕೆ ಕಾವಲು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ಹೆಣ್ಣುಮಗಳು ಸತ್ತಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಅವ್ವನನ್ನು ಕೇಳಿದೆ. ಅವ್ವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು.

ಕಾರು ರಿಪೇರಿಯಾಗಿ ಶೆಡ್ಡಿಗೆ ಬಂತು. ಇನ್ನು ಮುಟ್ಟುವುದಿಲ್ಲ ಎಂದು ಅಪ್ಪ ಹೇಳಲಿಲ್ಲ, ಮುಟ್ಟುತ್ತೇನೆ ಎಂದೂ ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ನನ್ನನ್ನು ಕರೆದು ಪಡಸಾಲೆಯಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು.

"ನೀ ಬಾಜೂಕ ಕುಂತು ಹೇಳ್ತಾ ಬಂದ್ರ ಸಾಕು. ಎಡಕ್ಕ ಏನೈತಿ, ಬಲಕ್ಕ ಏನೈತಿ. ಜನ ಇಲ್ಲದ ರಸ್ತಾದಾಗ ಅಷ್ಟ ಹೋಗೂಣು."

ಬರುವುದಿಲ್ಲ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಅಪ್ಪ ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಬೇಡಿದ್ದು ಎರಡೇ, ಅವ್ವನಿಗೆ ಹೇಳಬೇಡ ಎಂದು ಮತ್ತು ಇದು; ಎರಡನ್ನೂ ನಾನು ನಡೆಸಿಕೊಡಲಿಲ್ಲ. ಅದಾದ ಮೇಲೆ ಮನೆಯಲ್ಲಿ ಮೂವರೂ ಅಗತ್ಯಕ್ಕಷ್ಟೇ ಮಾತಾಡುತ್ತಿದ್ದೆವು.

ಒಂದು ಮುಂಜಾನೆ ಶಾಲೆಗೆ ಹೊರಟು ನಿಂತಿದ್ದೆ, ಶೆಡ್ಡಿನಲ್ಲಿ ಇಂಜಿನ್ ಸದ್ದು ಕೇಳಿತು. ಓಡಿ ಹೋದೆ. ಅಪ್ಪ ಒಬ್ಬರೇ ಕಾರಿನಲ್ಲಿ ಕೂತಿದ್ದರು. ನಾನು ಶೆಡ್ಡಿನ ಕಂಬದ ಹತ್ತಿರ, ಅವರ ಬಲಕ್ಕೆ, ಮರೆಯೇನೂ ಇಲ್ಲದೆ ನಿಂತಿದ್ದೆ. ಅವರಿಗೆ ನಾನು ಕಾಣುತ್ತಿರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಗೇರು ಹಾಕಲು ಕೈ ಹೋಗುತ್ತಿತ್ತು, ಮತ್ತೆ ಹಿಂದೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಲೆ ತಿರುಗಿಸದೆ ಕೇಳಿದರು:

"ತಂಗೀ, ಅಲ್ಲಿ ಅದೀ ಏನು?"

ನಾನು ಬಾಯಿ ಬಿಡಲಿಲ್ಲ. ಇದ್ದೇನೆ ಎಂದರೆ ನನ್ನನ್ನು ನಂಬಿ ಹೊರಟುಬಿಡುತ್ತಾರೆ ಎಂಬ ಹೆದರಿಕೆ. ಅವರು ಇನ್ನೊಮ್ಮೆ ಕೇಳಿದರು. ಆಮೇಲೆ ಇಂಜಿನ್ ನಿಲ್ಲಿಸಿದರು. ಬಾಗಿಲು ತೆರೆದು, ಕಾರಿನ ಮೈಮೇಲೆ ಕೈಯಾಡಿಸುತ್ತ ಹೊರಗೆ ಬಂದು, ನನ್ನ ಪಕ್ಕದಿಂದಲೇ ದಾಟಿ ಒಳಗೆ ಹೋದರು. ಕೀಲಿ ಕೈಯನ್ನು ಅವ್ವನ ಕೈಗೆ ಕೊಟ್ಟು, "ಮಾರಿಬಿಡೂಣು," ಎಂದರಂತೆ.

ಬೆಳಗಾವಿಯ ಕಾಂಟ್ರಾಕ್ಟರರೊಬ್ಬರ ಮಗ ಬಂದು ಅದನ್ನು ಕೊಂಡ. ಅವನು ಹೊರಟಾಗ ಅಪ್ಪ ಪಡಸಾಲೆಯಲ್ಲೇ ಕೂತು ಸದ್ದು ಮುಗಿಯುವವರೆಗೆ ಕೇಳಿದರು. ಮೊದಲನೆಯ ಗೇರಿನಲ್ಲಿ ಬಹಳ ಎಳೆಯುತ್ತಾನೆ ಎಂದಷ್ಟೇ ಹೇಳಿದರು. ಕಟ್ಟಿಗೆ ಹೊತ್ತಿದ್ದ ಹೆಣ್ಣುಮಗಳ ಕೈ ಕೂಡಿತು. ಆದರೆ ಪೂರಾ ನೇರವಾಗಲಿಲ್ಲ. ಕಲಘಟಗಿಯ ಸಂತೆಯಲ್ಲಿ ಸಿಕ್ಕಾಗಲೆಲ್ಲ ಆಕೆ ಅಪ್ಪನ ಕಣ್ಣು ಹೇಗಿವೆ ಎಂದು ನನ್ನನ್ನೇ ವಿಚಾರಿಸುತ್ತಿದ್ದಳು. ಉತ್ತರ ಹೇಳುವಾಗ ನನ್ನ ನೋಟ ಆಕೆಯ ಕೈಯ ಮೇಲೆಯೇ ಇರುತ್ತಿತ್ತು.

ಹೊಸ ಕಾರು ಬಂದಾಗ ದಶಕ ಮುಗಿಯುತ್ತ ಬಂದಿತ್ತು. ಅಪ್ಪನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಬೆಳಕು ಮತ್ತು ಎದುರು ನಿಂತವರ ಆಕಾರ ಕಾಣುತ್ತಿತ್ತು. ಕಾರು ಓಡಿಸಲು ಊರಿನ ಒಬ್ಬ ಡ್ರೈವರನನ್ನು ಇಟ್ಟುಕೊಂಡೆವು. ಅದರಲ್ಲಿ ಮೊದಲು ಹೋದದ್ದು ಮೀರಜಿಗೇ. ಡಾಕ್ಟರರು ಅಪ್ಪನನ್ನು ನೋಡಿ ಮುಗಿಸಿ, ಇದು ಮನೆತನದಲ್ಲಿ ಇಳಿದು ಬರುವುದುಂಟು, ಮಕ್ಕಳೂ ತೋರಿಸಿಕೊಳ್ಳಬೇಕು ಎಂದರು. ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದರು.

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅಪ್ಪ ಎದ್ದು ನಿಂತಿದ್ದರು. ಅವ್ವ ಅವರ ತೋಳು ಹಿಡಿದುಕೊಂಡಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಅವರು ಕೈ ಚಾಚಿ ನನ್ನ ಕೈ ಹುಡುಕಿದರು.

"ನಿನ್ನವು ಚಲೋ ಅದಾವಂತ?"

"ಚಲೋ ಅದಾವಂತ್ರಿ."

"ಖರೇ ಹೇಳು."

"ಖರೇನ ಹೇಳಾಕ ಹತ್ತೀನಿ, ಅಪ್ಪಾ."

ಅವರು ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ತಮ್ಮ ಕಣ್ಣಿನ ವಿಷಯವನ್ನು ಅಷ್ಟು ದಿನ ಮುಚ್ಚಿಟ್ಟವರಿಗೆ ನನ್ನ ಮಾತನ್ನು ನಂಬುವುದು ಕಷ್ಟವೇ ಆಗಿರಬೇಕು. ಹಿಂದಿರುಗುವಾಗ ಡ್ರೈವರನ ಪಕ್ಕದ ಸೀಟನ್ನು ಬಿಟ್ಟು ಹಿಂದೆ ನನ್ನ ಹತ್ತಿರ ಕೂತರು. ಬೆಳಗಾವಿ ದಾಟಿ ಧಾರವಾಡ ಬರುವವರೆಗೆ ನನ್ನ ಕೈ ಬಿಡಲಿಲ್ಲ. ಕಾರು ಹೇಗಿದೆ ಎಂದು ಅವ್ವ ಕೇಳಿದ್ದಕ್ಕೆ, ಕಾರಿನಲ್ಲಿ ಕೂತದ್ದನ್ನೇ ಮರೆತವರಂತೆ, ಯಾವ ಕಾರು ಎಂದರು.