ಅಕ್ಕನ ಹೊಸ್ತಿಲು

ನಾನು ಮೊದಲ ಸಲ ಊರು ಬಿಟ್ಟು ನಡೆದಿದ್ದು ಒಂದು ಸೋಮವಾರ, ಏಳನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟು. ಆಮೇಲೆ ಕಾಲು ಎಲ್ಲೂ ನಿಂತಿಲ್ಲ. ಹೋದ ವರ್ಷ ಅರ್ಕಾವತಿಯ ಕೆಸರು ದಂಡೆ ಹಿಡಿದು, ಅದು ಕಾವೇರಿ ಸೇರುವ ಸಂಗಮದ ಕಡೆಗೆ ಹಗಲೆಲ್ಲಾ ನಡೆದೆ. ಸಂಜೆಗೆ ಅಕ್ಕನ ಊರು ಸಿಕ್ಕಿತು. ಅವಳ ಪಕ್ಕ ಕೂತು ಉಣ್ಣಬೇಕು ಅನ್ನೋದೊಂದೇ ಆಸೆ.

ಅಕ್ಕ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. "ಒಳಕ್ಕೆ ಬರಬ್ಯಾಡ ಕಣ್ಲಾ, ರೇಷ್ಮೆ ಹುಳ ಹಣ್ಣಾಗವೆ, ಇನ್ನೇನು ಗೂಡು ಕಟ್ತವೆ. ಊರೂರು ಸುತ್ತಿದ ಕಾಲು, ರೋಗ ಅಂಟ್ಬುಡ್ತದೆ."

ಜಗುಲಿಯಲ್ಲಿ ನನಗೆ ಮುದ್ದೆ ಬಡಿಸಿ, ತಾನು ಬಾಗಿಲೊಳಗೆ ಕೂತಳು. "ಗೂಡು ಕಟ್ಟೋಗಂಟ ಇರ್ಲಾ, ಒಳಗೇ ಉಣ್ಣೀವಂತೆ."

"ಆಗಕಿಲ್ಲ ಅಕ್ಕ."

"ಹುಳಕ್ಕೂ ಒಂದ್ಕಡೆ ಕೂತು ಗೂಡು ಕಟ್ಟೋ ಬುದ್ಧಿ ಐತೆ!"

ಆ ಗೂಡನ್ನು ಹುಳದ ಸಮೇತ ರಾಮನಗರದಲ್ಲಿ ಕುದಿಯೋ ನೀರಿಗೆ ಹಾಕುತ್ತಾರೆ ಅಂತ ಬಾಯಿಗೆ ಬಂದದ್ದನ್ನು ಮುದ್ದೆ ತುತ್ತಿನ ಜೊತೆ ನುಂಗಿದೆ. ಬೆಳಗ್ಗೆ ಎದ್ದು, ರಾತ್ರಿ ಕೆಸರು ತೊಳೆದು ಹರವಿದ್ದ, ಇನ್ನೂ ಒಣಗದ ಪಂಚೆಯನ್ನೇ ಚೀಲಕ್ಕೆ ತುರುಕಿದೆ.