ಬೋರ್ಡಿನ ಮುಂದಿನಿಂದ ಏಳುವುದು

ಮೊನ್ನೆ ರಾಯಚೂರಿನ ಬಜಾರಿನಲ್ಲಿ ಲಾವಂಚದ ಬೇರಿನ ಕಟ್ಟನ್ನು ಮೂಗಿಗೆ ಹಿಡಿದು ನೋಡುತ್ತಿದ್ದೆ. ಒಮ್ಮೆಲೇ ನಮ್ಮ ಟ್ರಂಕ್ ಕಾಲ್ ರೂಮಿನ ಮೂಲೆಯ ಮಣ್ಣಿನ ಕೊಡ, ಅದರಲ್ಲಿ ಲಾವಂಚ ಹಾಕಿಟ್ಟ ನೀರು, ಆ ನೀರು ಕುಡಿದು ಬಾ ಎನ್ನುತ್ತಿದ್ದ ಅಕ್ಕೋರು... ಅಂಗಡಿಯವನು ಮತ್ತೆ ಮತ್ತೆ ಕೇಳಿದ ಮೇಲೆ ಎಚ್ಚರವಾಯಿತು.

ಎಂಬತ್ತರ ದಶಕದಲ್ಲಿ ಕಲ್ಲೂರಿನಿಂದ ಬಂದು ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದೆ. ನಮ್ಮ ಮನೆಯಲ್ಲಿ ನೌಕರಿಗೆ ಹೋದ ಮೊದಲ ಹೆಣ್ಣು ನಾನೇ. ದೇವದುರ್ಗದ ಅಕ್ಕೋರು ನಮ್ಮೆಲ್ಲರಿಗಿಂತ ಹಿರಿಯ ಆಪರೇಟರ್. ಮಾನ್ವಿಯ ಅಕ್ಕಿ ಗಿರಣಿಯವರಿಗೆ ಬೆಜವಾಡ ಬೇಕು, ಶಕ್ತಿನಗರದ ಎಂಜಿನಿಯರುಗಳಿಗೆ ಬೆಂಗಳೂರು ಬೇಕು. ಬೋರ್ಡಿನ ತೂತಿಗೆ ವೈರು ಚುಚ್ಚಿ ಲೈನು ಕೂಡಿಸುವುದು ನಮ್ಮ ಕೆಲಸ. ಲೈನು ಸಿಗುವುದು ತಡವಾದರೂ ಬೈಗುಳ ಮಾತ್ರ ಕೂಡಲೇ ಸಿಗುತ್ತಿತ್ತು.

ಬೈಸಿಕೊಂಡು ಬೈಸಿಕೊಂಡು ತಲೆ ಕೆಟ್ಟು, ಮಾತು ಮುಗಿಸಿದವರದನ್ನು ಬಿಟ್ಟು ಮಾತಾಡುತ್ತಿದ್ದವರ ವೈರನ್ನೇ ಕಿತ್ತುಬಿಡುತ್ತಿದ್ದೆ. ದೂರು ಹೋದವು. ಇನ್ನೊಂದು ಬಂದರೆ ಮನೆಗೆ ನಡಿ ಎಂದು ಸಾಹೇಬರು ಹೇಳಿಯೂ ಆಗಿತ್ತು.

ಅಕ್ಕೋರು ನಮ್ಮ ಮುಖ ನೋಡುತ್ತಿರಲಿಲ್ಲ. ಬೋರ್ಡಿನ ತೂತಿಗೆ ಪ್ಲಗ್ ಚುಚ್ಚುವ ಸದ್ದು ಕೇಳುತ್ತಿದ್ದರು, ಅಷ್ಟೇ. ಸದ್ದು ಒರಟಾದರೆ ಬೆನ್ನ ಹಿಂದೆ ಬಂದು ನಿಲ್ಲುವರು.

"ಕೈ ಸಿಟ್ಟಿಗೆದ್ದಾವ ನೋಡವ್ವಾ. ಏಳು, ನೀರು ಕುಡದು ಬಾ. ಅಲ್ಲೀತನ ನಾ ಕೂಡ್ತೀನಿ."

ನನಗೋ ಮೈಯೆಲ್ಲ ಉರಿ. ಎದ್ದರೆ, ಈ ಹುಡುಗಿ ಕೈಲಾಗದವಳು ಎಂದು ಸಾಹೇಬರಿಗೆ ಸಾರಿ ಹೇಳಿದಂತಲ್ಲವೇ?

"ನನಗೇನೂ ಆಗಿಲ್ರೀ ಅಕ್ಕೋರೆ, ಮಾಡಾಕತ್ತೀನಲ್ರೀ" ಎಂದು ಕುರ್ಚಿಗೆ ಅಂಟಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಆ ಒರಟು ಸದ್ದು ಅಕ್ಕೋರ ಬೋರ್ಡಿನಿಂದಲೇ ಬಂತು. ಅವರ ಗಂಡನನ್ನು ದೇವದುರ್ಗದ ದವಾಖಾನೆಗೆ ಸೇರಿಸಿದ್ದಾರೆಂದು ಬೆಳಿಗ್ಗೆ ಸುದ್ದಿ ಬಂದಿತ್ತು. ಸಂಜೆಯ ಬಸ್ಸಿಗೆ ಹೊರಡುವವರಿದ್ದರು. ಅವರಿಗೆ ಏಳಿ ಎನ್ನುವ ಧೈರ್ಯ ಯಾರಿಗಿತ್ತು? ಸಾಹೇಬರೂ ಅಲ್ಲೇ ನಿಂತಿದ್ದರು. ಅಕ್ಕೋರು ತಾವೇ ಕಿವಿಯ ಹೆಡ್‌ಫೋನ್ ತೆಗೆದು ಎದ್ದರು.

"ಇವತ್ತ ನನ್ನ ಕೈ ನನ್ನ ಮಾತು ಕೇಳವಲ್ವು. ನೀ ಬಾರವ್ವಾ, ನೀ ಕೂಡು" ಎಂದು ನನ್ನನ್ನೇ ಕರೆದರು.

ಅಷ್ಟು ಮಂದಿಯ ಎದುರು, ಯಾವ ನಾಚಿಕೆಯೂ ಇಲ್ಲದೆ, ಕೊಡದ ಪಕ್ಕ ಕೂತು ನಿಧಾನವಾಗಿ ನೀರು ಕುಡಿದರು. ಸಾಹೇಬರು ಒಮ್ಮೆ ನೋಡಿ ತಮ್ಮ ಕೆಲಸಕ್ಕೆ ಹೋದರು. ನಾನು ಕೂತ ಕುರ್ಚಿ ಇನ್ನೂ ಬೆಚ್ಚಗಿತ್ತು...

ಕೆಲವು ದಿನ ಬಿಟ್ಟು ಅಕ್ಕೋರು ಬಂದರು, ಗಂಡ ಹುಷಾರಾಗಿದ್ದರು. ಅಷ್ಟರಲ್ಲಿ ನಾನು ನನ್ನ ಮೇಲೇ ಕಣ್ಣಿಡುವುದಕ್ಕೆ ಶುರು ಮಾಡಿದ್ದೆ. ಕೈ ಒರಟಾಗುವ ಮೊದಲು ನನ್ನ ಕಾಲಬೆರಳುಗಳು ಚಪ್ಪಲಿಯನ್ನು ಬಿಗಿಯಾಗಿ ಹಿಡಿಯುತ್ತವೆ ಎಂದು ಕಂಡುಕೊಂಡೆ. ಹಿಡಿದವೆಂದರೆ ಎದ್ದುಬಿಡುತ್ತಿದ್ದೆ, ಅಕ್ಕೋರು ಬಂದು ನನ್ನ ಜಾಗದಲ್ಲಿ ಕೂರುತ್ತಿದ್ದರು. ಆಮೇಲೆ ದೂರು ಬರಲಿಲ್ಲ. ನೌಕರಿ ಖಾಯಂ ಆಯಿತು.

ಅಕ್ಕೋರು ನಿವೃತ್ತರಾಗಿ ದೇವದುರ್ಗಕ್ಕೆ ಹೋದರು, ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ಅವತ್ತು ಬಹಳ ಅತ್ತೆ.

ಈಗ ನನ್ನ ಗಂಡ ಹಾಸಿಗೆ ಹಿಡಿದಿದ್ದಾರೆ. ತುತ್ತು ಬಾಯಿಗಿಟ್ಟರೆ ಸಣ್ಣ ಮಕ್ಕಳ ಹಾಗೆ ಮುಖ ತಿರುಗಿಸುತ್ತಾರೆ. ಒಮ್ಮೊಮ್ಮೆ ನನ್ನ ತಾಳ್ಮೆ ತಪ್ಪುವುದು ನನಗೇ ಗೊತ್ತಾಗಿ, ತಟ್ಟೆ ಕೆಳಗಿಟ್ಟು ಏಳುತ್ತೇನೆ. ಏಳುವುದನ್ನು ಅಕ್ಕೋರು ಕಲಿಸಿ ಹೋದರು. ಎದ್ದ ಜಾಗದಲ್ಲಿ ಬಂದು ಕೂರುವವರು ಈಗ ಯಾರೂ ಇಲ್ಲ.